ಕೊಸರಿನ ಕೊಂಬು

ಬ್ಯಾನರಿನಲ್ಲಿ ಕೊಂಬು ಬಿಟ್ಟುಹೋಗಿತ್ತು. ಮಹಡಿಯ ಸಭಾಂಗಣದ ಬಾಗಿಲಲ್ಲಿ ನಿಂತ ಅವನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ‘ಕೆಸರು ಕುಟುಂಬ ಸಮಾವೇಶ’ ಎಂದು ಮೊಳದುದ್ದದ ಅಕ್ಷರಗಳಲ್ಲಿ ಅಚ್ಚಾಗಿ ಬಂದದ್ದನ್ನು ಕೊನೆಗಳಿಗೆಯಲ್ಲಿ ಯಾರೋ ಕಂಡು, ಕಪ್ಪು ಕಾಗದದಲ್ಲಿ ಒಂದು ಕೊಂಬು ಕತ್ತರಿಸಿ ಮೊದಲ ಅಕ್ಷರದ ಪಕ್ಕಕ್ಕೆ ಅಂಟಿಸಿ, ಕೆಸರನ್ನು ಕೊಸರು ಮಾಡಿದ್ದರು. ಗೋಡೆಯ ಫ್ಯಾನು ಈ ಕಡೆ ಮುಖ ತಿರುಗಿಸಿದಾಗ ಕಾಗದ ಎದ್ದು ಪಟಪಟ ಎನ್ನುತ್ತಿತ್ತು, ಇಡೀ ವಂಶ ಕೆಸರಾಗುತ್ತಿತ್ತು. ಆ ಕಡೆ ತಿರುಗಿದಾಗ ಕಾಗದ ಮಲಗಿ, ವಂಶಕ್ಕೆ ಮತ್ತೆ ಮಾನ ಬರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕುಳಿತವರು ಯಾರೂ ಅದನ್ನು ನೋಡುತ್ತಿರಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡುತ್ತಿದ್ದರು: ಯಾರ ತಲೆ ಬೋಳಾಗಿದೆ, ಯಾರ ಸೊಸೆ ದಪ್ಪಗಾಗಿದ್ದಾಳೆ, ಯಾರು ಕಾರಿನಲ್ಲಿ ಬಂದರು, ಯಾರು ಬಸ್ಸಿನಲ್ಲಿ ಬಂದು ಕಾರು ರಿಪೇರಿಗೆ ಬಿಟ್ಟಿದೆ ಎನ್ನುತ್ತಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ಮೂಗು. ಮುಂದಕ್ಕೆ ಹೊರಟು ಅರ್ಧ ದಾರಿಯಲ್ಲಿ ಧೈರ್ಯ ಸಾಲದೆ ನಿಂತುಬಿಟ್ಟಂಥ ಮೂಗು. ತನ್ನದೂ ಅದೇ ಎಂದು ನೆನಪಾಗಿ ಅವನು ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುವ ನೆಪದಲ್ಲಿ ಅದನ್ನು ಮುಚ್ಚಿಕೊಂಡ.

ಕಂಕುಳಲ್ಲಿದ್ದ ಹಾಳೆಗಳು ಬೆವರಿಗೆ ಮೆತ್ತಗಾಗಿದ್ದವು. ‘ನಮ್ಮ ಅಡ್ಡಹೆಸರು: ಹುಟ್ಟು, ಅರ್ಥ, ಹರಡಿಕೆ’ ಎಂಬ ಭಾಷಣ. ಕಾಲೇಜಿನಲ್ಲಿ ಭಾಷೆ ಕಲಿಸುವವನಾದ್ದರಿಂದ ಮನೆತನದಲ್ಲಿ ಎಲ್ಲರ ಬಾಯಲ್ಲೂ ಅವನು ಮೇಷ್ಟ್ರು. ಮೇಷ್ಟ್ರಾದ್ದರಿಂದ ಹೆಸರಿನ ಹೊಟ್ಟೆ ಕೊಯ್ದು ಒಳಗಿನ ಅರ್ಥ ತೆಗೆದು ತೋರಿಸುವ ಕೆಲಸವೂ ಅವನದೇ. ಅಡ್ಡಹೆಸರು ಎಂಬ ಮಾತು ಮಾತ್ರ ಅವನಿಗೆ ಯಾವತ್ತೋ ಸರಿಯಾಗಿ ಅರ್ಥವಾಗಿತ್ತು. ಎಲ್ಲಿ ಹೋದರೂ ಅಡ್ಡ ಬರುವ ಹೆಸರು. ಬ್ಯಾಂಕಿನ ಕಿಟಕಿಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಗ್ಯಾಸಿನ ಪುಸ್ತಕದಲ್ಲಿ ಅದನ್ನು ಒಂದೇ ಸಲಕ್ಕೆ ಸರಿಯಾಗಿ ಬರೆದವರು ಹುಟ್ಟಿರಲಿಲ್ಲ. ಕೆಲವರಿಗೆ ಕೆಸರು, ಉಳಿದವರಿಗೆ ಮೊಸರು. ‘ಕೊ ಸಾರ್, ಕೋಳಿಯ ಕೊ’ ಎಂದು ಹೇಳಿ, ಅದು ಕೋ ಅಲ್ಲವೇ ಎಂದು ಅವರು ತಿದ್ದಿ, ಹಿಂದಿನ ಸಾಲಿನವರು ನಗುವುದು ಪ್ರತಿ ಸಲದ ಪಾಡು. ಮೂರನೆಯ ತರಗತಿಯಲ್ಲಿ ಲೆಕ್ಕದ ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ಇಡೀ ತರಗತಿಗೆ ಹೇಳಿದ್ದರು: “ಕೈ ಕೆಸರಾದರೆ ಬಾಯಿ ಮೊಸರು. ಇವನು ನೋಡ್ರೋ, ಕೊಸರು! ಕೈಗೂ ಇಲ್ಲ, ಬಾಯಿಗೂ ಇಲ್ಲ, ಮಧ್ಯದಲ್ಲಿ ನೇತಾಡೋನು.” ಆ ಮನುಷ್ಯ ಲೆಕ್ಕ ಕಲಿಸಲಿಲ್ಲ, ಭವಿಷ್ಯ ಹೇಳಿಬಿಟ್ಟ. ಆಮೇಲಿನ ಆಯುಷ್ಯವೆಲ್ಲ ಆ ಬೆಂಚಿನ ಮೇಲೆಯೇ ಕಳೆಯಿತು ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು, ಅನ್ನಿಸಿದ ಕೂಡಲೇ ಇಷ್ಟು ಚೆನ್ನಾದ ಮಾತು ಬರೆದಿಡಬೇಕು ಎನ್ನಿಸುತ್ತಿತ್ತು, ಬರೆದಿಡುತ್ತಿರಲಿಲ್ಲ.

ಯಾರೋ ಅವನ ಮಣಿಕಟ್ಟು ಹಿಡಿದರು. ತಿರುಗಿ ನೋಡಬೇಕಾಗಿರಲಿಲ್ಲ. ಮನುಷ್ಯರನ್ನು ಮಣಿಕಟ್ಟಿನಿಂದ ಎತ್ತಿ ಬೇಕಾದಲ್ಲಿ ಇಡುವುದು ದೊಡ್ಡಪ್ಪನ ಪದ್ಧತಿ. ತಕ್ಕಡಿ, ತೂಕದ ಬಟ್ಟುಗಳ ಅಂಗಡಿ ಇಟ್ಟು ನಾಲ್ಕು ದಶಕ ಮೀರಿದ ದೊಡ್ಡಪ್ಪನಿಗೆ ಯಾರನ್ನೇ ಹಿಡಿದರೂ ಇವನು ಎಷ್ಟು ತೂಗುತ್ತಾನೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು, ಗೊತ್ತಾದದ್ದು ಮುಖದಲ್ಲಿ ಕಾಣುತ್ತಿತ್ತು.

“ಬಂದ್ಯಾ ಮೇಷ್ಟ್ರೇ? ಎಲ್ಲಿ, ಬರಕೊಂಡು ಬಂದಿದೀಯಾ? ನಾನು ಹೇಳಿದ್ದೆಲ್ಲ ಇದೆ ತಾನೆ?”

“ಇದೆ ದೊಡ್ಡಪ್ಪ.”

“ಮೂಲಪುರುಷರು ದೊಡ್ಡ ವರ್ತಕರು. ಅಳೆದಮೇಲೆ ಎರಡು ಹಿಡಿ ಜಾಸ್ತಿ ಹಾಕೋರು. ‘ಕೊಸರು ಕೊಡೋ ಧಣಿ’ ಅಂತ ಹೆಸರಾಯ್ತು. ಅದು ಇದೆ ತಾನೆ?”

“ಇದೆ.”

“ಎರಡು ಹಿಡಿ ಅಂತ ಬರೆದಿದೀಯಾ, ಒಂದು ಹಿಡಿ ಅಂತಾನಾ?”

“ಒಂದು…”

“ಎರಡು ಮಾಡು. ಹೇಳೋದಕ್ಕೇನು ಗಂಟು ಹೋಗುತ್ತೆ?” ದೊಡ್ಡಪ್ಪ ಗಂಟಲಿನಲ್ಲೇ ನಕ್ಕ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಈ ಮನುಷ್ಯನ ವಂಶದ ಬುಡದಲ್ಲಿ ಒಂದು ಹಿಡಿ ಜಾಸ್ತಿ ಕೊಟ್ಟ ಧಣಿಯೊಬ್ಬ ಇದ್ದಾನೆ ಎಂಬುದನ್ನು ಅವನು ನಿನ್ನೆ ತನ್ನ ಕೈಯಾರೆ, ಒಳ್ಳೆಯ ಶಾಯಿಯ ಪೆನ್ನಿನಲ್ಲಿ ಬರೆದಿದ್ದ. ಬರೆಯುವಾಗ ನಗು ಬಂದಿರಲಿಲ್ಲ. ಭಾಷಣ ಮುಗಿದ ಮೇಲೆ ಅದು ಪುಸ್ತಕವಾಗುತ್ತದೆ, ಹಿಂದಿನ ಹೊದಿಕೆಯಲ್ಲಿ ಅವನ ಫೋಟೋ ಬರುತ್ತದೆ ಎಂದು ದೊಡ್ಡಪ್ಪ ಹೇಳಿದ್ದ. ಇಪ್ಪತ್ತು ವರ್ಷದಿಂದ ಬೇರೆಯವರ ಪುಸ್ತಕಗಳ ಬಗ್ಗೆ ಮೂಗು ಮುರಿದುಕೊಂಡೇ ಬದುಕಿದವನ ಮೊದಲ ಪುಸ್ತಕ. ಯಾವ ಫೋಟೋ ಕೊಡುವುದು ಎಂದು ಅವನು ಆಗಲೇ ನಿರ್ಧರಿಸಿದ್ದ: ಗಲ್ಲಕ್ಕೆ ಕೈ ಕೊಟ್ಟು ಕುಳಿತದ್ದು.

“ಇನ್ನೊಂದು ಸಣ್ಣ ಕೆಲಸ,” ಎಂದ ದೊಡ್ಡಪ್ಪ, ಮಣಿಕಟ್ಟು ಬಿಡದೆ. “ಕೆಳಗೆ ಹೋಗಿ ನಿನ್ನ ತಂಗಿಗೆ ಹೇಳು. ಬೋರ್ಡಿನಿಂದ ನಮ್ಮ ಹೆಸರು ತೆಗೀಲಿ. ಕಟ್ಟಡ ಕುಟುಂಬದ ಟ್ರಸ್ಟಿಂದು, ಅಧ್ಯಕ್ಷ ನಾನು, ಅಂಗಡಿ ಬಾಡಿಗೆ ಕೊಟ್ಟಿದೀವಿ, ಹೆಸರು ಬಾಡಿಗೆ ಕೊಟ್ಟಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಬಂದೋರೆಲ್ಲ ಮೆಟ್ಲು ಹತ್ತೋ ಮುಂಚೆ ಅದನ್ನೇ ಓದ್ಕೊಂಡು ಬರ್ತಿದಾರೆ. ಗಂಡನ ಬಿಟ್ಟು ಬಂದೋಳ ಅಂಗಡಿ ಮೇಲೆ ನಮ್ಮ ಹೆಸರು! ಹೆಸರು ಇಳಿದ್ರೆ ಅಂಗಡಿ ಉಳಿಯುತ್ತೆ, ಇಲ್ಲಾಂದ್ರೆ ಮಿಷನ್ ಎತ್ಕೊಂಡು ಬೀದಿಗೆ ಹೋಗ್ಲಿ. ನೀನು ಅಣ್ಣ, ಓದಿದೋನು. ಮೆತ್ತಗೆ ಹೇಳು.”

ಮೆತ್ತಗೆ ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೆಟ್ಟಿಲಿಳಿಯುವಾಗ ಅವನು ಹೇಳಬೇಕಾದ್ದನ್ನು ಬಾಯೊಳಗೇ ಉರುಳಿಸಿ ನುಣ್ಣಗೆ ಮಾಡಿಕೊಂಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನ ಜೀವನದಲ್ಲಿ ಹಾವುಗಳೆಲ್ಲ ದಷ್ಟಪುಷ್ಟವಾಗಿದ್ದವು, ಕೋಲು ಹೊಚ್ಚಹೊಸದಾಗಿ ಮೂಲೆಯಲ್ಲಿತ್ತು. ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತ ಹೆಂಡತಿ ಕೇಳಿದ್ದಳು, “ನನ್ನ ಹೆಸರಿನ ಬಾಲಕ್ಕೂ ಅಂಟಿಸಿದೀರಲ್ಲ ಇದನ್ನ, ನನ್ನ ಕೇಳಿದ್ರಾ? ಬೇಡ ಅನ್ನೋಳಿಗೆ ಗೋಂದು ಹಾಕಿ ಅಂಟಿಸ್ತೀರಿ. ಬೇಕು ಅನ್ನೋಳಿಂದ ಕಿತ್ಕೊಳ್ತೀರಿ. ಇದರ ಅರ್ಥ ಹೇಳಿ ಮೊದಲು, ಆಮೇಲೆ ಹೆಸರಿಂದು ಹೇಳುವಿರಂತೆ.” ಅವನು ಅದಕ್ಕೆ, ಕಾಲರಿನ ಒಳಭಾಗಕ್ಕೂ ಸ್ವಲ್ಪ ಹಾಕು, ಎಂದಿದ್ದ.

ತಂಗಿಯ ಅಂಗಡಿ ಮೆಟ್ಟಿಲಿನ ಪಕ್ಕಕ್ಕೇ ಇತ್ತು. ಒಂದು ಹೊಲಿಗೆ ಮಿಷನ್, ಒಂದು ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು, ತೋಳಿಲ್ಲದೆ, ಯಾರನ್ನೋ ಕಾಯುತ್ತಿರುವಂತೆ. ಮೇಲೆ ತಗಡಿನ ಅಕ್ಷರಗಳು, ಒಂದೊಂದಕ್ಕೂ ಸ್ಕ್ರೂ ಹಾಕಿ ಕೂರಿಸಿದವು: ‘ಕೊಸರು ಟೈಲರ್ಸ್’. ತಗಡು ಕತ್ತರಿಸಿದವನೂ ಮೊದಲು ಕೆಸರು ಎಂದೇ ಕತ್ತರಿಸಿ ತಂದಿದ್ದ. ಇವಳು ಬೈದ ಮೇಲೆ ಒಂದು ಕೊಂಬು ಬೇರೆ ಕತ್ತರಿಸಿ ತಂದು ಪಕ್ಕಕ್ಕೆ ಒಂಟಿ ಸ್ಕ್ರೂ ಬಿಗಿದು ಹೋಗಿದ್ದ. ತಗಡು ಬೇರೆ, ಬಣ್ಣ ಬೇರೆ. ಉಳಿದ ಅಕ್ಷರ ನೀಲಿ, ಕೊಂಬು ಮಾತ್ರ ಕೆಂಪು. ದೂರದಿಂದ ನೋಡಿದರೆ ಮೊದಲು ಕಾಣುವುದೇ ಅದು. ಇದು ತಪ್ಪಿನಂತೆ ಕಾಣುತ್ತಿರಲಿಲ್ಲ, ಬೇಕೆಂದೇ ಇಟ್ಟದ್ದರಂತೆ ಕಾಣುತ್ತಿತ್ತು. ಅದಕ್ಕೇ ಮೇಲಿನವರಿಗೆ ಹೊಟ್ಟೆ ಉರಿ.

“ಬಾ ಅಣ್ಣ. ಮೇಲಿನವರು ಕಳಿಸಿದ್ರಾ, ನೀನೇ ಬಂದ್ಯಾ?” ಅವಳು ತಲೆ ಎತ್ತದೆ, ಹಲ್ಲಿನಲ್ಲಿ ದಾರ ಕಡಿಯುತ್ತ ಕೇಳಿದಳು. ಕೊರಳಲ್ಲಿ ಅಳತೆ ಟೇಪು.

“ಸುಮ್ನೆ ಬಂದೆ. ಹೇಗಿದೀಯ ನೋಡೋಣ ಅಂತ.”

“ನೋಡಿ ಆಯ್ತಲ್ಲ. ಈಗ ಕಳಿಸಿದ್ದು ಹೇಳು.”

ಅವನು ಹೇಳಿದ. ಪರಿಸ್ಥಿತಿ, ಹಿರಿಯರ ಭಾವನೆ, ಎರಡೂ ಕಡೆ ನ್ಯಾಯ, ಸದ್ಯಕ್ಕೆ, ಮುಂದೆ ನೋಡೋಣ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಈ ಕಡೆಯೂ ಬೆಳಕಿಲ್ಲ, ಆ ಕಡೆಯೂ ಬೆಳಕಿಲ್ಲ, ಗೋಡೆಗೆ ಮಾತ್ರ ಸ್ವಲ್ಪ ಬಿಸಿ. ಅವಳು ಕೇಳುತ್ತಲೇ ಒಂದು ತೋಳು ಜೋಡಿಸಿ ಮುಗಿಸಿದಳು. ಬಲಗೈ ಮಣಿಕಟ್ಟಿನ ಎಲುಬು ಸ್ವಲ್ಪ ಮೇಲೆದ್ದಿತ್ತು. ಅವನು ಕಣ್ಣು ಬೇರೆ ಕಡೆ ತಿರುಗಿಸಿದ. ಆ ಎಲುಬಿನ ಚರಿತ್ರೆ ಅವನಿಗೆ ಗೊತ್ತಿತ್ತು. ಅವಳ ಗಂಡನ ಮನೆಯ ಹಜಾರ, ಸೋಫಾದ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ, ಕೂತರೆ ಕರಕರ ಸದ್ದು. ಭಾವ ನಗುನಗುತ್ತಲೇ ಏನೋ ಹೇಳುತ್ತ ಅವಳ ಕೈ ಹಿಡಿದು ತಿರುಚಿದ್ದ, ಇವನ ಎದುರಿಗೇ, ಚಹಾ ತರುವುದು ತಡವಾಯಿತೆಂದು. ಅವಳು ಅಣ್ಣನ ಮುಖ ನೋಡಿದ್ದಳು. ಅಣ್ಣ ಗೋಡೆಯ ಕ್ಯಾಲೆಂಡರ್ ನೋಡಿದ್ದ. ಅದರಲ್ಲೊಂದು ಹಡಗಿನ ಚಿತ್ರ. ಇಂದಿಗೂ ಆ ಹಡಗಿಗೆ ಎಷ್ಟು ಹಾಯಿ ಎಂದು ಕೇಳಿದರೆ ಅವನು ಹೇಳಬಲ್ಲ. ಆಮೇಲೆ ಒಂದು ದಿನ ಅವಳು ಒಂದೇ ಚೀಲ ಹಿಡಿದು ಅವನ ಬಾಗಿಲಿಗೆ ಬಂದಾಗ ಅವನು ಅಂದದ್ದು, ಬರುವ ಮುಂಚೆ ಒಂದು ಫೋನ್ ಮಾಡಬಾರದಿತ್ತಾ, ಎಂದು.

“ಮುಗೀತಾ?” ಅವಳು ಕೇಳಿದಳು. “ಹನ್ನೊಂದು ವರ್ಷ ಅವರ ಮನೆ ಹೆಸರು ಹೊತ್ತೆ. ಅದನ್ನ ಅಲ್ಲೇ ಬಿಸಾಡಿ ಬಂದೆ. ನಿಮ್ಮದು ಕೊಡಲ್ಲ ಅಂತೀರಿ. ಹಾಗಾದ್ರೆ ನನ್ನ ಹೆಸರೇನು ಅಣ್ಣ? ‘ಏಯ್’ ಅಂತಾನಾ? ಏಯ್ ಟೈಲರ್ಸ್ ಅಂತ ಬರೆಸ್ಲಾ?”

“ಬರೀ ಒಂದು ಹೆಸರಿಗೆ ಅಂಗಡಿ ಕಳ್ಕೋತೀಯಾ?”

“ಅಂಗಡಿಗೆ ಬೀಗ ಹಾಕ್ಲಿ. ಹೆಸರಿಗೆ ಬೀಗ ಹಾಕೋಕೆ ಎಲ್ಲಿದೆ ಚಿಲಕ? ಅಪ್ಪ ಹೇಳಿದ್ದು ಮರೆತ್ಯಾ ನೀನು? ಇಲ್ಲ, ಮರೆತಿಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ. ಅದನ್ನ ಇವತ್ತು ಮೇಲೆ ಹೇಳ್ತೀಯಾ?”

ಅಪ್ಪ ದೊಡ್ಡಪ್ಪನ ಅಂಗಡಿಯಲ್ಲೇ, ತಮ್ಮನಾಗಿಯೂ ಅಲ್ಲ ಆಳಾಗಿಯೂ ಅಲ್ಲ, ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು ಕೆಟ್ಟ ತಕ್ಕಡಿಗಳ ಮುಳ್ಳು ಸರಿಮಾಡುತ್ತಿದ್ದವನು. ಎಣ್ಣೆ, ಹಿತ್ತಾಳೆ, ಬೀಡಿ ಸೇರಿದ ವಾಸನೆ. ಇಬ್ಬರೂ ಮಕ್ಕಳು ಶಾಲೆ ಬಿಟ್ಟು ಅಲ್ಲಿಗೆ ಹೋದರೆ ಅಪ್ಪ ಇಬ್ಬರ ಮಣಿಕಟ್ಟನ್ನೂ ಎರಡು ಕೈಯಲ್ಲಿ ಹಿಡಿದು, “ಬಿಡಿಸ್ಕೊಳ್ಳಿ ನೋಡೋಣ,” ಎನ್ನುತ್ತಿದ್ದ. “ಕೊಸರು ಅಂದ್ರೆ ಕೊಡೋದೂ ಅಲ್ಲ, ಕೇಳೋದೂ ಅಲ್ರೋ. ಕೊಸರಿಕೊಳ್ಳೋದು! ನಮ್ಮ ಹಿರೀಕ ಒಬ್ಬ ಸಾಹುಕಾರನ ಮನೇಲಿ ಮೂಟೆ ಹೊರೋ ಆಳು. ಒಂದಿನ ಸಾಹುಕಾರ ಹಿಂಗೇ ಕೈ ಹಿಡ್ಕೊಂಡ. ಇವನು ಕೊಸರಿಕೊಂಡ್ನಪ್ಪಾ, ಓಡಿದ. ಹಿಂದಿನಿಂದ ಎಲ್ಲ ಕೂಗ್ತಾರೆ, ‘ಕೊಸರಿಕೊಂಡ, ಕೊಸರಿಕೊಂಡ, ಹಿಡೀರೋ!’ ಅಂತ. ಓಡಿ ಓಡಿ ಮುಂದಿನ ಊರಲ್ಲಿ ನಿಂತಾಗ ಯಾರೋ ಕೇಳಿದ್ರು, ಏನಯ್ಯ ನಿನ್ನ ಹೆಸರು? ಇವನಿಗೆ ಏದುಸಿರು. ಕಿವೀಲಿ ಆ ಕೂಗು ಒಂದೇ. ‘ಕೊಸ… ಕೊಸ…’ ಅಂದ. ಅದೇ ಹೆಸರು ನಿಂತ್ಬಿಡ್ತು.” ತಂಗಿ ಅಷ್ಟರಲ್ಲಿ ಅಪ್ಪನ ಕೈ ಕಚ್ಚಿ ಬಿಡಿಸಿಕೊಂಡು ಬೀದಿಗೆ ಹಾರಿರುತ್ತಿದ್ದಳು. ಇವನು ಅಪ್ಪನಿಗೆ ಬೇಸರವಾಗಿ ತಾನೇ ಬಿಡುವ ತನಕ ಮರ್ಯಾದೆಯಾಗಿ ನಿಂತಿರುತ್ತಿದ್ದ. ಒಳ್ಳೆಯ ಹುಡುಗ ಎಂದು ಎಲ್ಲರೂ ಹೊಗಳುತ್ತಿದ್ದರು. ಅಪ್ಪ ಮಾತ್ರ ಬಿಟ್ಟ ಮೇಲೆ ಅವನ ಕೈಯನ್ನು ಒಂದು ಕ್ಷಣ ನೋಡುತ್ತಿದ್ದ, ರಿಪೇರಿಯಾಗದ ತಕ್ಕಡಿಯನ್ನು ನೋಡುವಂತೆ.

“ಅಪ್ಪ ತಮಾಷೆಗೆ ಕಟ್ಟಿದ ಕಥೆ ಅದು,” ಎಂದ ಅವನು. “ಆಧಾರ ಏನಿದೆ?”

“ಆ ಎರಡು ಹಿಡಿ ಕೊಟ್ಟ ಧಣಿಗೆ ಏನು ಆಧಾರ ಇದೆ?”

“ಎರಡು ಹಿಡಿ ಅಂತ ನಿನಗೆ ಯಾರು ಹೇಳಿದ್ರು?”

“ದೊಡ್ಡಪ್ಪ ಹೋದ ವಾರ ಒಂದು ಅಂತಿದ್ದ. ಜಾಸ್ತಿ ಮಾಡಿರ್ತಾನೆ ಅಂತ ಗೊತ್ತಿತ್ತು.” ಅವಳು ನಕ್ಕಳು. ಮೇಲಿನಿಂದ ಮೈಕಿನಲ್ಲಿ ಹಲೋ ಹಲೋ ಕೇಳಿಸಿತು. “ಹೋಗು ಅಣ್ಣ. ನಿನ್ನ ಕರೀತಿದಾರೆ. ನಾನು ತೆಗೆಯಲ್ಲ ಅಂದ್ಳು ಅಂತ ಹೇಳು. ಮೆತ್ತಗೆ ಹೇಳಬೇಡ, ಇದ್ದ ಹಾಗೆ ಹೇಳು.”

ಅವನು ಮೇಲೆ ಹೋಗಿ ದೊಡ್ಡಪ್ಪನಿಗೆ, “ಹೇಳಿದೀನಿ, ಯೋಚನೆ ಮಾಡ್ತಾಳೆ,” ಎಂದ. ಮೈಕಿನ ಮುಂದೆ ನಿಂತಾಗ ಕಾಲಡಿಯ ನೆಲದಿಂದ ಟಕಟಕ ಟಕಟಕ ಎಂದು ಸದ್ದು ಹತ್ತಿ ಬರುತ್ತಿತ್ತು. ಅವಳು ಮಿಷನ್ ತುಳಿಯುತ್ತಿದ್ದಾಳೆ. ಅವನು ನಿಲ್ಲಿಸಿದಲ್ಲಿ ಅದು ನಿಲ್ಲುತ್ತಿರಲಿಲ್ಲ, ಅವನು ಉಸಿರೆಳೆದಾಗ ಇಡೀ ಸಭೆಗೆ ಕೇಳುತ್ತಿತ್ತು. ಹುಟ್ಟಿನ ಬಗ್ಗೆ ಹೇಳಿದ: ಧಣಿ, ಅಳತೆ, ಎರಡು ಹಿಡಿ. ಮುಂದಿನ ಸಾಲು ತಲೆದೂಗಿತು. ಹರಡಿಕೆಯ ಬಗ್ಗೆ ಹೇಳಿದ: ಅಪರೂಪದ ಹೆಸರು, ಬೆರಳೆಣಿಕೆಯ ಮನೆಗಳು, ಮುತ್ತು ರಾಶಿ ಬೀಳುವುದಿಲ್ಲ, ಕಲ್ಲು ಬೀಳುತ್ತದೆ. ಹೇಳುತ್ತಿರುವಾಗಲೇ ಅವನಿಗೆ ನಿಜ ಗೊತ್ತಿತ್ತು. ಹೆಸರು ಅಪರೂಪವಾದದ್ದು ಹೊತ್ತವರೆಲ್ಲ ಸಿಕ್ಕಸಿಕ್ಕಲ್ಲಿ ಇಳಿಸಿ ಓಡಿದ್ದರಿಂದ. ಎರಡನೆಯ ಸಾಲಿನಲ್ಲಿ ಕೂತು ಗರ್ವದಿಂದ ಕುತ್ತಿಗೆ ನೆಟ್ಟಗೆ ಮಾಡಿಕೊಂಡಿದ್ದ ಕಂಟ್ರಾಕ್ಟರನೇ ಮಗನ ಮದುವೆಯ ಕಾಗದದಲ್ಲಿ ಬರೀ ‘ಕೆ.’ ಎಂದು ಅಚ್ಚು ಹಾಕಿಸಿದ್ದ. ಬೀಗರು ಕೇಳಿದರೆ ಕೆ ಎಂದರೆ ಏನು ಬೇಕಾದರೂ ಆಗಬಹುದಲ್ಲ. ನಾಚಿಕೆಪಟ್ಟು ಅಡಗಿಸಿಟ್ಟ ಹೆಸರಿಗೆ ಈಗ ಫ್ಯಾನು, ಮೈಕು, ಬ್ಯಾನರು. ಯಾವಾಗ ಒಬ್ಬ ಹೆಂಗಸು ಅದನ್ನು ಬೀದಿಯಲ್ಲಿ ನಾಚದೆ ನೇತುಹಾಕಿದಳೋ ಆಗ ಎಲ್ಲರಿಗೂ ಅದು ನೆನಪಾಯಿತು. ಯಾರೂ ಮುಟ್ಟದ ಹಳೆ ಕೊಡೆಯನ್ನು ಪಕ್ಕದ ಮನೆಯವರು ಬಿಚ್ಚಿದ ಕೂಡಲೇ ಅದು ನಮ್ಮಜ್ಜನದು ಎಂದು ಅಳುವ ಜನ.

ಅರ್ಥಕ್ಕೆ ಬಂದಾಗ ಪಿಂಚಣಿ ಪಡೆದು ಮನೆಯಲ್ಲಿ ಕೂತು ಎಲ್ಲ ಸಭೆಗಳಲ್ಲೂ ಪ್ರಶ್ನೆ ಕೇಳುವ ಚಿಕ್ಕಪ್ಪನೊಬ್ಬ ಎದ್ದು ನಿಂತ. “ಮೇಷ್ಟ್ರೇ, ಒಂದು ಡೌಟು. ಕೊಸರು ಕೊಟ್ಟೋರಿಗೆ ಬಂದ ಹೆಸರೋ, ಕೊಸರು ಕೇಳಿದೋರಿಗೆ ಬಂದ ಹೆಸರೋ? ಯಾಕಂದ್ರೆ ನಮ್ಮ ಮನೇಲಿ ನಾನು ನೋಡಿದ್ದೆಲ್ಲ ಕೇಳೋರೇ.”

ಸಭೆ ಗೊಳ್ಳೆಂದು ನಕ್ಕಿತು. ದೊಡ್ಡಪ್ಪನ ಮುಖ ಬಿಗಿಯಿತು. ಇದೇ ಗಳಿಗೆ, ಮೂರನೆಯ ಅರ್ಥ ನಾಲಿಗೆಯ ತುದಿಯಲ್ಲಿತ್ತು, ಬೀಡಿಯ ವಾಸನೆಯ ಸಮೇತ. ಬಾಯಿ ತೆರೆದ. ಬಂದದ್ದು ಬೇರೆ ಮಾತು: “ಕೊಟ್ಟವರಿಗೇ ಬಂದದ್ದು. ಕೇಳಿದವರಿಗೆ ಹೆಸರು ಇರುವುದಿಲ್ಲ.”

ಎಂಥ ಮಾತು! ಅವನಿಗೇ ಒಂದು ಕ್ಷಣ ಬೆರಗಾಯಿತು. ಚಪ್ಪಾಳೆ ಬಿತ್ತು, ದೊಡ್ಡಪ್ಪನದು ಎಲ್ಲಕ್ಕಿಂತ ಜೋರು. ಮೈಯಲ್ಲಿ ಒಂದು ಸಣ್ಣ ಸುಖ ಹರಿದು ಹಿಂದಿನ ಹೊದಿಕೆಯ ಫೋಟೋದ ತನಕ ಹೋಯಿತು. ಚಪ್ಪಾಳೆ ನಿಂತ ಮೇಲೆ ಏನೋ ಕಡಿಮೆಯಾಗಿದೆ ಅನ್ನಿಸಿತು. ನೆಲ ಸುಮ್ಮನಾಗಿತ್ತು. ಮಿಷನ್ ನಿಂತಿತ್ತು. ಮೈಕಿನ ಒಂದು ಸ್ಪೀಕರ್ ಡಬ್ಬ ಮೆಟ್ಟಿಲ ಕಡೆಗೂ ಕಟ್ಟಿದ್ದಾರೆ ಎಂಬುದು ಅವನಿಗೆ ಆಗ ನೆನಪಾಯಿತು. ಉಳಿದ ಹಾಳೆಗಳನ್ನು ಅವನು ಓದಿದ, ಅಥವಾ ಅವು ಓದಿಕೊಂಡವು. ಆ ಸದ್ದು ಮತ್ತೆ ಶುರುವಾಗಲಿ ಎಂದು ಅಂಗಾಲುಗಳು ಕಾಯುತ್ತಿದ್ದವು. ಶುರುವಾಗಲಿಲ್ಲ.

ದೊಡ್ಡಪ್ಪ ಮೈಕ್ ಕಿತ್ತುಕೊಂಡ. “ಕೇಳಿದ್ರಲ್ಲ? ಮೇಷ್ಟ್ರು ಅಂದ್ರೆ ಮೇಷ್ಟ್ರು! ಇನ್ನೊಂದು ಮಾತು. ಕೆಳಗಿನ ಬೋರ್ಡಿನ ವಿಚಾರ ನಿಮಗೆಲ್ಲ ಗೊತ್ತು. ಅಣ್ಣನೇ ಒಪ್ಪಿದಾನೆ. ಊಟಕ್ಕೆ ಮುಂಚೆ ಅದೊಂದು ಮುಗಿಸಿಬಿಡೋಣ, ಎಲ್ಲರ ಎದುರಿಗೇ.” ತಾನು ಒಪ್ಪಿದ್ದು ಯಾವಾಗ ಎಂದು ಅವನು ಹುಡುಕಿದ. ಹುಡುಕಿದರೆ, ಒಪ್ಪದೆ ಇದ್ದದ್ದು ಯಾವಾಗ ಎಂಬುದೂ ಸಿಗಲಿಲ್ಲ. ಮಣಿಕಟ್ಟಿಗೆ ಕೈ ಬಿತ್ತು. ಮೆಟ್ಟಿಲ ಮೇಲೆ ಒಂದೇ ಮೂಗಿನ ಮೆರವಣಿಗೆ ಇಳಿಯಿತು. ಯಾರೋ ಏಣಿ ತಂದು ಗೋಡೆಗೆ ಒರಗಿಸಿದರು. ಯಾರೋ ಸ್ಕ್ರೂಡ್ರೈವರ್ ತಂದರು. ತಂಗಿ ಹೊಸ್ತಿಲಲ್ಲಿ ಕೈ ಕಟ್ಟಿ ನಿಂತಿದ್ದಳು, ಬೆರಳ ತುದಿಯಲ್ಲಿ ಸೂಜಿ.

“ಬಾಡಿಗೆಯವರ ಬೋರ್ಡು ಮುಟ್ಟೋಕೆ ಇಷ್ಟು ಜನ ಬೇಕಾ ದೊಡ್ಡಪ್ಪ?” ಎಂದಳು.

“ನಿನ್ನ ಹತ್ರ ನನಗೇನು ಮಾತು? ನಿಮ್ಮಣ್ಣನ ಕೈಯಲ್ಲೇ ಮಾಡಿಸ್ತೀನಿ.” ದೊಡ್ಡಪ್ಪ ತಲೆಯೆತ್ತಿ ಕೆಂಪು ಕೊಂಬನ್ನು ನೋಡಿದ, ಮುಖದಲ್ಲಿ ಒಂದು ಹೊಸ ಖುಷಿ ಹುಟ್ಟಿತು. “ಪೂರ್ತಿ ಬೋರ್ಡು ಯಾಕೆ ಕೀಳೋದು, ಪಾಪ. ಕೊಂಬು ಒಂದು ಮುರಿದ್ರೆ ಸಾಕು. ಕೆಸರು ಟೈಲರ್ಸ್! ಅವಳಿಗೆ ಅದೇ ಸರಿ. ಕೊಂಬು ಬಂದಿದೆ ಅಂತ ತಾನೆ ಇಷ್ಟು ಹಾರಾಡೋದು? ಹತ್ತು ಮೇಷ್ಟ್ರೇ, ಮುರಿ ಕೊಂಬು!”

ಜನ ಕೇಕೆ ಹಾಕಿತು. ಪಿಂಚಣಿ ಚಿಕ್ಕಪ್ಪನೂ ನಕ್ಕ. ತಂಗಿ ಮಾತ್ರ ಇವನನ್ನು ನೋಡಿದಳು. ಅದೇ ನೋಟ, ಆ ಹಜಾರದ್ದು. ಅವನು ಕ್ಯಾಲೆಂಡರ್ ಹುಡುಕಿದ. ಬೀದಿಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ಏಣಿ ಇತ್ತು, ಹತ್ತಿದ. ಹತ್ತುವುದೂ ಒಂದು ಬಗೆಯ ಬೇರೆ ಕಡೆ ನೋಡುವುದೇ. ಮೇಲೆ ತಗಡಿನ ಅಕ್ಷರಗಳು ಬಿಸಿಲಿಗೆ ಕಾದಿದ್ದವು. ಹತ್ತಿರದಿಂದ ಅದು ಅಕ್ಷರವೇ ಅಲ್ಲ, ಮನುಷ್ಯ ಮೊಣಕೈ ಮಡಿಸಿ ಎಳೆದುಕೊಂಡಂತಿದ್ದ ಒಂದು ಕೆಂಪು ತುಂಡು, ಅದರ ನಡುವೆ ಒಂಟಿ ಸ್ಕ್ರೂ, ಅದೂ ಸಡಿಲ. ಬೆರಳಿಟ್ಟರೆ ಅಲ್ಲಾಡುತ್ತಿತ್ತು, ಬಿದ್ದುಹೋಗಲು ನೆಪ ಕಾಯುತ್ತಿದ್ದಂತೆ. ಅವನು ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದ. ನಾಲಿಗೆಯಿಂದಲೇ ಬದುಕಿದವನು, ಸ್ಕ್ರೂ ಯಾವ ಕಡೆ ತಿರುಗಿದರೆ ಬಿಚ್ಚುತ್ತದೆ ಎಂದು ಅವನ ಕೈಗೆ ಗೊತ್ತಿರಲಿಲ್ಲ. ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ. ಕೊಂಬು ಅಲ್ಲಾಡುವುದು ನಿಂತಿತು. ಗೋಡೆಗೆ ಕಚ್ಚಿಕೊಂಡಿತು.

“ಆ ಕಡೆ ಅಲ್ಲೋ! ಈ ಕಡೆ!” ಕೆಳಗಿನಿಂದ ದೊಡ್ಡಪ್ಪ ಕೂಗಿದ. “ಬಿಗಿ ಮಾಡ್ತಿದೀಯಲ್ಲೋ, ದಡ್ಡ!”

ಗೊತ್ತಾಯಿತು. ಗೊತ್ತಾದ ಮೇಲೂ ಕೈ ಅದೇ ಕಡೆ ಇನ್ನೊಂದು ಸುತ್ತು ತಿರುಗಿತು. ಮೊದಲಿನ ಸುತ್ತುಗಳು ತಪ್ಪಿನವು. ಈ ಸುತ್ತು ಯಾರದು ಎಂದು ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಬೇಕು ಎನ್ನುವಷ್ಟರಲ್ಲಿ ದೊಡ್ಡಪ್ಪ ಏಣಿಯ ಎರಡು ಮೆಟ್ಟಿಲು ಹತ್ತಿ ಅವನ ಎಡಗಾಲಿನ ಹರಡನ್ನು ಹಿಡಿದಿದ್ದ. ಕೈಗೆ ಸಿಕ್ಕದವನನ್ನು ಕಾಲು ಹಿಡಿದು ಎಳೆಯುವುದು. ಬೆರಳುಗಳು ಬಿಗಿದವು, ಮುದುಕನ ಬೆರಳು, ಆದರೂ ಕಬ್ಬಿಣ, ಅವು ತೂಗುತ್ತಿದ್ದವು. ಅವನು ಮರ್ಯಾದೆಯಾಗಿ ನಿಂತ. ಅಪ್ಪ ಬಿಡುವ ತನಕ ನಿಲ್ಲುತ್ತಿದ್ದಂತೆಯೇ ನಿಂತ. ಈಗ ಬಿಡುತ್ತಾನೆ, ಈಗ ಬೇಸರವಾಗುತ್ತದೆ. ಬೇಸರ ಆಗಲಿಲ್ಲ, ಈ ಮನುಷ್ಯನಿಗೆ ಹಿಡಿಯುವುದರಲ್ಲಿ ಬೇಸರವೇ ಇಲ್ಲ ಎಂಬ ಸರಳ ಸಂಗತಿ, ನಲವತ್ತೇಳು ವರ್ಷಕ್ಕೆ, ಏಣಿಯ ಮೇಲೆ, ಮೊದಲ ಸಲ ಅವನಿಗೆ ಹೊಳೆಯಿತು. ಆಗ ಕಾಲು ತಾನೇ, ಅವನನ್ನು ಕೇಳದೆ, ಮೇಲಕ್ಕೂ ಪಕ್ಕಕ್ಕೂ ಒಮ್ಮೆ ಜಗ್ಗಿ ತಿರುಚಿ ಕಿತ್ತುಕೊಂಡಿತು.

ಏಣಿ ಒಂದು ಪೆಟ್ಟು ಅಲ್ಲಾಡಿ ನಿಂತಿತು. ಅವನು ಎರಡು ಕೈಯಲ್ಲೂ ಕೊಂಬನ್ನೇ ತಬ್ಬಿ ಹಿಡಿದ. ಬಿಗಿಯಾಗಿತ್ತು, ಭಾರ ತಡೆಯಿತು. ಕೆಳಗೆ ನೋಡಿದರೆ ದೊಡ್ಡಪ್ಪ ನೆಲದ ಮೇಲೆ ನಿಂತಿದ್ದ, ಕೈಯಲ್ಲಿ ಅವನ ಎಡಗಾಲಿನ ಚಪ್ಪಲಿ. ಇಡೀ ಕುಲ ಚಪ್ಪಲಿಯನ್ನೂ ಅದನ್ನು ಹಿಡಿದ ಅಧ್ಯಕ್ಷನನ್ನೂ ನೋಡುತ್ತಿತ್ತು. ಅದನ್ನು ಬಿಸಾಡಿದರೆ ಮಾನ ಹೋಗುತ್ತದೆ, ಇಟ್ಟುಕೊಂಡರೆ ಇನ್ನೂ ಹೋಗುತ್ತದೆ. ದೊಡ್ಡಪ್ಪ ಅದನ್ನು ತೂಗುತ್ತಿರುವಂತೆ ಹಿಡಿದೇ ಇದ್ದ.

“ಕೊಸರಿಕೊಂಡ,” ಎಂದ ಪಿಂಚಣಿ ಚಿಕ್ಕಪ್ಪ, ಯಾರಿಗೂ ಅಲ್ಲ, ಬರೀ ಕಂಡದ್ದನ್ನು ಹೇಳುವವನಂತೆ. ಯಾರೂ ನಗಲಿಲ್ಲ.

“ಮೇಷ್ಟ್ರೇ, ಇಳಿ ಕೆಳಗೆ,” ಎಂದ ದೊಡ್ಡಪ್ಪ. ದನಿ ತಣ್ಣಗಿತ್ತು. “ಪುಸ್ತಕ ಮರೆತುಬಿಡು. ನಾಳೆಯಿಂದ ಅಂಗಡೀನೂ ಇಲ್ಲ. ಇಳಿ.”

ಇಳಿಯುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಎರಡು ಕಾಲಿದ್ದವು, ಒಂದು ಬರಿಗಾಲಾದರೂ. ಆದರೆ ಕೆಳಗೆ ಪೂರ್ತಿ ಅವರೇ ನಿಂತಿದ್ದರು, ಮೇಲೆ ಗೋಡೆ ಮುಗಿದಿತ್ತು. ಅಪ್ಪ ಕಥೆಯನ್ನು ಯಾವಾಗಲೂ ಹೆಸರು ಬಂದಲ್ಲಿಗೇ ನಿಲ್ಲಿಸುತ್ತಿದ್ದ. ಕೊಸರಿಕೊಂಡು ಓಡಿದವನು ಆ ಸಂಜೆ ಎಲ್ಲಿ ಉಂಡ, ಎಲ್ಲಿ ಮಲಗಿದ, ಒಂದು ಕ್ಷಣವಾದರೂ ತಿರುಗಿ ಹೋಗಿಬಿಡೋಣ ಅಂದುಕೊಂಡನೋ ಇಲ್ಲವೋ, ಅದನ್ನೆಲ್ಲ ಯಾರೂ ಕೇಳಿರಲಿಲ್ಲ. ಸ್ಕ್ರೂಡ್ರೈವರ್ ಎಲ್ಲಿ ಬಿತ್ತೋ.

“ಅಣ್ಣ,” ಎಂದಳು ತಂಗಿ ಹೊಸ್ತಿಲಿನಿಂದ. ನಗು ತಡೆಯುತ್ತಿದ್ದಾಳೋ ಅಳು ತಡೆಯುತ್ತಿದ್ದಾಳೋ ಮೇಲಿನಿಂದ ಕಾಣುತ್ತಿರಲಿಲ್ಲ. ಮೇಜಿನ ಮೇಲಿನ ಒಂದು ಬಟ್ಟೆಯ ತುಂಡನ್ನು ಉಂಡೆಕಟ್ಟಿ ಅವಳು ಮೇಲಕ್ಕೆ ಎಸೆದಳು. ಅದು ಅವನ ಎದೆಗೆ ತಾಗಿ ಏಣಿಯ ಮೇಲೆ ಸಿಕ್ಕಿಕೊಂಡಿತು. “ಹೇಗೂ ಹತ್ತಿದೀಯ. ಇಳಿಯೋ ಮುಂಚೆ ಆ ಧೂಳಾದ್ರೂ ಒರೆಸು.”

ಅವನು ಒಂದು ಕೈ ಬಿಟ್ಟು ಬಟ್ಟೆ ತೆಗೆದುಕೊಂಡ.